ಕೆಲಸವಿಲ್ಲದ ಬಳ್ಳಿ

ನಾಜೂಕಯ್ಯ ಎಂಬುದು ಅವನಿಗೆ ಆಫೀಸಿನವರು ಇಟ್ಟ ಹೆಸರು. ಅವರು ಇಟ್ಟದ್ದು ತಮಾಷೆಗೆ, ಅವನು ತೆಗೆದುಕೊಂಡದ್ದು ಬಿರುದಿನ ಹಾಗೆ. ಟೀ ಕಪ್ಪನ್ನು ಮೇಜಿನ ಮೇಲೆ ಇಡುವಾಗಲೂ ಅದರ ಹಿಡಿ ಯಾವ ಕಡೆ ತಿರುಗಿದ್ದರೆ ಚೆಂದ ಎಂದು ಎರಡು ಸಲ ಯೋಚಿಸುವ ಆಸಾಮಿ. ವಯಸ್ಸು ನಲವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಹುಡುಗಿಯ ಮೂಗು ಒಂದು ಕೂದಲೆಳೆಯಷ್ಟು ಓರೆ ಇದ್ದರೂ ಇವನು ಉಪ್ಪುಕಾಗದ ತೆಗೆದುಕೊಂಡು ಉಜ್ಜಲು ಹೋಗುತ್ತಾನೆ ಎಂದು ಅವನ ಭಾವ ಎಲ್ಲರೆದುರು ನಗುತ್ತಿದ್ದರು.

ಅವನ ಕಂಪನಿ ಮಾಡುತ್ತಿದ್ದದ್ದು ಎದೆಗೆ ಅಂಟಿಸಿಕೊಳ್ಳುವ ಒಂದು ಪುಟ್ಟ ಸೆನ್ಸರ್. ಹೆಬ್ಬೆರಳಿಗಿಂತ ತುಸು ಉದ್ದ, ಹೊಳೆಯ ಕಲ್ಲಿನಂತೆ ನುಣುಪು. ಹದಿನಾಲ್ಕು ದಿನ ತೆಗೆಯದೆ ಹಾಕಿಕೊಂಡಿದ್ದರೆ ಹೃದಯದ ಒಂದೊಂದು ಬಡಿತವನ್ನೂ ಅದು ಬರೆದಿಡುತ್ತದೆ. ಒಳಗಿನ ಚಿಪ್, ಬ್ಯಾಟರಿ, ಅಂಟು ಎಲ್ಲ ಬೇರೆಯವರ ತಲೆನೋವು. ನಾಜೂಕಯ್ಯನದು ಹೊರಗಿನ ಅಂದ.

ಆ ಅಂದಕ್ಕಾಗಿ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ನಲವತ್ತಮೂರು ಮಾದರಿ ಕೆತ್ತಿದ, ನಲವತ್ತೆರಡನ್ನು ಬಿಸಾಡಿದ. ಕೊನೆಯದರ ಮೈಮೇಲೆ ಒಂದು ಸಣ್ಣ ಬಳ್ಳಿ ಹುಟ್ಟಿತು. ಮೇಲಿನಿಂದ ಎಳೆಯಾಗಿ ಹೊರಟು, ಬೆನ್ನ ಮೇಲೆ ಒಂದು ಸುತ್ತು ಹಾಕಿ, ಅಂಚು ದಾಟಿ ಕೆಳಗಿಳಿದು, ತುದಿಯಲ್ಲಿ ಚೂರು ಸುರುಳಿಕೊಳ್ಳುವ ಬಳ್ಳಿ. ಕಾಯಿಲೆಯವರು ಸೆನ್ಸರನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಳ್ಳುತ್ತಾರಲ್ಲ, ಅದು ಅವನಿಗೆ ಬೇಸರ. ಒಡವೆಯ ಹಾಗೆ ಹಾಕಿಕೊಳ್ಳಲಿ ಎಂಬ ಆಸೆ. ಆಸೆಯೇನೋ ಒಳ್ಳೆಯದೇ, ಇಲ್ಲ ಎನ್ನುವವರು ಯಾರು? ಆದರೆ ಅದನ್ನು ಅವನು ಅಂಟಿಸಿ ನೋಡಿದ್ದು ರಬ್ಬರಿನ ಬೊಂಬೆಯ ಎದೆಯ ಮೇಲೆ. ರಬ್ಬರಿನ ಬೊಂಬೆ ಬೆವರುವುದಿಲ್ಲ, ಬಗ್ಗುವುದಿಲ್ಲ, ಕೈ ಎತ್ತುವುದಿಲ್ಲ. ಹಾಕಿದ್ದನ್ನು ಹಾಕಿಕೊಂಡು ತೆಪ್ಪಗೆ ನಿಂತಿರುತ್ತದೆ.

ಅದೇ ಹೊತ್ತಿಗೆ ಅವನ ಅಕ್ಕನಿಗೆ ಎದೆ ಡವಡವ ಎನ್ನಲು ಶುರುವಾಗಿತ್ತು. ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಹೋದಮೇಲೆ ಅವನ ಮೂಗು ಒರೆಸಿದವಳು, ಶಾಲೆಗೆ ಕಳಿಸಿದವಳು, ತಂಟೆ ಮಾಡಿದಾಗ ಎರಡು ಬಿಟ್ಟವಳೂ ಅವಳೇ. ಅವಳೂ ಭಾವನೂ ಸೇರಿ ಇಸ್ತ್ರಿ ಅಂಗಡಿ ನಡೆಸುತ್ತಿದ್ದರು. ಒಂದೆರಡು ಸಲ ಇಸ್ತ್ರಿ ಹಿಡಿದಿದ್ದಾಗಲೇ ಅವಳಿಗೆ ಕಣ್ಣು ಕತ್ತಲೆ ಬಂತು. ಹದಿನಾಲ್ಕು ದಿನ ಹೃದಯದ ಬಡಿತ ದಾಖಲಾಗಬೇಕು, ಆಗಲೇ ಏನೆಂದು ಗೊತ್ತಾಗುವುದು ಎಂದರು ಡಾಕ್ಟರು.

"ನಮ್ಮದನ್ನೇ ಹಾಕ್ಕೋ ಅಕ್ಕ. ಹೇಗೂ ಇಪ್ಪತ್ತು ಜನರ ಮೇಲೆ ಪರೀಕ್ಷೆ ಮಾಡ್ತಿದೀವಿ," ಎಂದ ನಾಜೂಕಯ್ಯ. ಡಾಕ್ಟರೂ ಒಪ್ಪಿದರು.

ಅಕ್ಕ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು. "ಇದು ನೀನು ಮಾಡಿದ್ದಾ? ಅಯ್ಯೋ, ಎಷ್ಟು ಮುದ್ದಾಗಿದೆ ಕಣೋ!"

"ಅದೇನಯ್ಯ ಅದು, ಬಾಲ?" ಎಂದರು ಭಾವ.

"ಬಳ್ಳಿ ಭಾವ."

"ನಮ್ಮ ಕಣ್ಣಿಗೆ ಬಾಲ. ಇರಲಿ ಬಿಡು, ನಿನ್ನ ಅಕ್ಕನಿಗೆ ಅದೊಂದು ಇರಲಿಲ್ಲ."

ಆ ಹದಿನಾಲ್ಕು ದಿನವೂ ಅಂಗಡಿಗೆ ಬಂದವರಿಗೆಲ್ಲ ಅಕ್ಕ ಕತ್ತುಪಟ್ಟಿ ಚೂರು ಸರಿಸಿ ತೋರಿಸಿದ್ದೇ ತೋರಿಸಿದ್ದು. ನನ್ನ ತಮ್ಮ ಮಾಡಿದ್ದು, ನನ್ನ ತಮ್ಮ ಮಾಡಿದ್ದು! ಕಂಪನಿಯ ನರ್ಸಮ್ಮ ಸಂಜೆಗೊಮ್ಮೆ ಇಪ್ಪತ್ತೂ ಜನರಿಗೆ ಫೋನು ಮಾಡಿ ತುರಿಕೆ ಇದೆಯಾ, ಉರಿ ಇದೆಯಾ, ಗಾಯ ಆಗಿದೆಯಾ ಎಂದು ಕೇಳಿ ಹಾಳೆಯಲ್ಲಿ ಗುರುತು ಹಾಕುತ್ತಿದ್ದರು. ಅಕ್ಕನ ಹಾಳೆಯ ತುಂಬ ಇಲ್ಲ, ಇಲ್ಲ, ಇಲ್ಲ.

ಉಳಿದವರೆಲ್ಲ ಹಾಗೆ ಹೇಳಲಿಲ್ಲ. ಇಬ್ಬರು ಹೆಂಗಸರು ತುದಿ ಚುಚ್ಚುತ್ತದೆ ಎಂದರು. ನಿವೃತ್ತ ಮೇಷ್ಟರೊಬ್ಬರು ಐದನೆಯ ದಿನಕ್ಕೇ ಅದನ್ನು ಕಿತ್ತು, ಕವರಿಗೆ ಹಾಕಿ, ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ ಬರೆದು ವಾಪಸು ಕಳಿಸಿದರು. 'ನೋಡಲು ಚೆನ್ನಾಗಿದೆ. ಇಟ್ಟುಕೊಳ್ಳಲು ಆಗುವುದಿಲ್ಲ.'

ಮೀಟಿಂಗಿನಲ್ಲಿ ನರ್ಸಮ್ಮ ಮೆಲ್ಲಗೆ ಹೇಳಿದರು. "ಸರ್, ಆ ತುದಿ ಒಂಚೂರು ಕತ್ತರಿಸಿಬಿಟ್ರೆ?"

ನಾಜೂಕಯ್ಯನಿಗೆ ತನ್ನ ಬೆರಳನ್ನೇ ಕತ್ತರಿಸು ಎಂದ ಹಾಗಾಯಿತು. "ಯಾಕಮ್ಮ ಕತ್ತರಿಸಬೇಕು? ನನ್ನ ಅಕ್ಕ ದಿನಕ್ಕೆ ಎಂಟು ಗಂಟೆ ಇಸ್ತ್ರಿ ಹಾಕ್ತಾಳೆ. ಅವಳಷ್ಟು ಕೈ ಆಡಿಸೋರು ಈ ಇಪ್ಪತ್ತು ಜನರಲ್ಲಿ ಇನ್ನೊಬ್ಬರಿದ್ದಾರಾ? ಅವಳಿಗೇ ಏನೂ ಆಗಿಲ್ಲ. ಮೇಷ್ಟ್ರು ಕೆರ್ಕೊಂಡಿರಬೇಕು."

ಕೋಣೆಯಲ್ಲಿ ಎಲ್ಲರೂ ನಕ್ಕರು, ಅವನೂ ನಕ್ಕ. ಅಷ್ಟಕ್ಕೇ ಬಿಟ್ಟನೇ? ಮೇಷ್ಟರಿಗೆ ಕಂಪನಿಯ ಕಾಗದದ ಮೇಲೆ ಉತ್ತರವನ್ನೂ ಬರೆದ. ಉಪಕರಣದಲ್ಲಿ ದೋಷವಿಲ್ಲ, ಮುಂದೆ ಇಂಥದನ್ನು ಬಳಸುವಾಗ ಸೂಚನೆಗಳನ್ನು ಗಮನವಿಟ್ಟು ಓದಿಕೊಳ್ಳಿ ಎಂದು. ಪಾಠ ಹೇಳಿ ಕೂದಲು ಬೆಳ್ಳಗಾದವರಿಗೆ ಓದಿಕೊಳ್ಳಿ ಎಂದು ಬರೆಯಲು ಅವನ ಕೈ ಹೇಗೆ ಬಂತೋ!

ಬಳ್ಳಿ ಉಳಿಯಿತು. ಆ ವಿನ್ಯಾಸವನ್ನು ಬೇರೆ ಯಾರೂ ನಕಲು ಮಾಡದ ಹಾಗೆ ಕಂಪನಿಯ ಹೆಸರಿನಲ್ಲಿ ನೋಂದಾಯಿಸಬೇಕು ಎಂದು ಯಜಮಾನರು ವಕೀಲರನ್ನು ಕರೆಸಿದರು. ವಕೀಲರು ಸೆನ್ಸರನ್ನು ಕನ್ನಡಕದ ಹತ್ತಿರ ಹಿಡಿದು ಕೇಳಿದರು.

"ಈ ಬಳ್ಳಿಯಿಂದ ಏನಾದರೂ ಕೆಲಸ ಆಗುತ್ತಾ? ಬಿಗಿಯಾಗಿ ಹಿಡ್ಕೊಳ್ಳೋದು, ಬೆವರು ಹೋಗಲಾಡಿಸೋದು, ಹಾಗೇನಾದರೂ?"

"ಏನೂ ಇಲ್ಲ ಸರ್."

"ಯೋಚನೆ ಮಾಡಿ ಹೇಳಿ. ಇದು ಅಲಂಕಾರದ ಅರ್ಜಿ. ಕೆಲಸ ಮಾಡುತ್ತೆ ಅಂದ್ರೆ ಬೇರೆ ದಾರಿ ಹಿಡೀಬೇಕು."

"ಚೂರೂ ಕೆಲಸ ಮಾಡಲ್ಲ ಸರ್. ಬರೀ ಚೆಂದಕ್ಕೆ," ಎಂದ ನಾಜೂಕಯ್ಯ, ಬಹುಮಾನ ತೆಗೆದುಕೊಳ್ಳುವವನ ಹಾಗೆ ಎದೆ ಉಬ್ಬಿಸಿ.

ಅರ್ಜಿಗೆ ಏಳು ಚಿತ್ರ ಬೇಕಿತ್ತು. ಮುಂದಿನಿಂದ, ಹಿಂದಿನಿಂದ, ಎರಡು ಪಕ್ಕ, ಮೇಲೆ, ಕೆಳಗೆ, ಮತ್ತೆ ಓರೆಯಿಂದ ಒಂದು. ಹಾಕಿಕೊಂಡಾಗ ಹೇಗೆ ಕಾಣುತ್ತದೆ ಎಂದು ಎಂಟನೆಯದನ್ನು ಅವನೇ ಸೇರಿಸಿದ. ಆ ಚಿತ್ರದಲ್ಲಿ ಹೆಗಲು, ಕತ್ತು, ಎದೆ ಎಲ್ಲ ಚುಕ್ಕಿಗೆರೆಯಲ್ಲಿರಬೇಕು, ಸೆನ್ಸರ್ ಮಾತ್ರ ಗಟ್ಟಿ ಗೆರೆಯಲ್ಲಿ. "ಮೈ ನಮ್ಮ ಅರ್ಜಿಗೆ ಸೇರಿದ್ದಲ್ಲ," ಎಂದು ವಕೀಲರು ವಿವರಿಸಿದರು. ಎರಡು ದಿನ ಕೂತು ನಾಜೂಕಯ್ಯ ಚುಕ್ಕಿ ಚುಕ್ಕಿಯಾಗಿ ಒಂದು ಹೆಗಲು ಬರೆದ. ಬರೆಯುವಾಗ ಯಾರ ಹೆಗಲೂ ಅವನ ನೆನಪಿಗೆ ಬರಲಿಲ್ಲ.

ಸಹಿ ಹಾಕಲು ಇನ್ನೊಂದು ದಿನ ಇರುವಾಗ ನರ್ಸಮ್ಮ ಅವನ ಮೇಜಿನ ಹತ್ತಿರ ಬಂದು ನಿಂತರು.

"ಸರ್, ನಿಮ್ಮ ಅಕ್ಕನವರ ದಾಖಲೆ ನೋಡಿದ್ರಾ? ಒಂಬತ್ತನೇ ದಿನದಿಂದ ಆಚೆಗೆ ಏನೂ ಇಲ್ಲ. ನೆಟ್ಟಗೆ ಗೆರೆ."

"ಮತ್ತೆ ಡಾಕ್ಟರು ಏನೂ ತೊಂದರೆ ಇಲ್ಲ ಅಂದ್ರಲ್ಲ?"

"ಅವರು ನೋಡಿದ್ದು ಮೊದಲ ಎಂಟು ದಿನದ್ದು. ನಿಮ್ಮ ಅಕ್ಕ ತಲೆ ಸುತ್ತಿ ಬಿದ್ದಿದ್ದು ಹನ್ನೊಂದನೇ ದಿನ. ಅವರೇ ಬಾಯಿ ತಪ್ಪಿ ಹೇಳಿದ್ರು. ಆವತ್ತು ಹೃದಯ ಏನು ಮಾಡ್ತಿತ್ತು ಅಂತ ಯಾರಿಗೂ ಗೊತ್ತಿಲ್ಲ ಸರ್."

ಬಿದ್ದಳೇ? ಅವನ ಎದೆ ಧಸಕ್ಕೆಂದಿತು. ಅದು ಒಂದು ಕ್ಷಣ. ಅದರ ಬೆನ್ನಿಗೇ ಬಂದದ್ದು ಸಿಟ್ಟು. ಕಿತ್ತು ಬಿಸಾಡಿರಬೇಕು! ಮನೆಯವಳೇ ಹೀಗೆ ಮಾಡಿದರೆ ಉಳಿದವರಿಗೆ ಏನು ಹೇಳುವುದು? ಮಧ್ಯಾಹ್ನ ಅರ್ಧ ದಿನದ ರಜೆ ಗೀಚಿ ಅಂಗಡಿಗೆ ಹೋದ.

ಅಂಗಡಿ ಎಂದರೆ ಒಂದು ಕೋಣೆ. ಹಳೆಯ ಕಂಬಳಿ ಹೊದಿಸಿದ ಉದ್ದನೆಯ ಮೇಜು, ಚಾವಣಿಯಿಂದ ಇಳಿಬಿಟ್ಟ ಇಸ್ತ್ರಿಪೆಟ್ಟಿಗೆಯ ವೈರು, ಗೋಡೆಗೆ ಒರಗಿದ, ನಂಬರು ಚೀಟಿ ಸಿಕ್ಕಿಸಿದ ಬಟ್ಟೆಯ ಗಂಟುಗಳು. ಅಕ್ಕ ಇಸ್ತ್ರಿ ಹಾಕುತ್ತಿದ್ದಳು, ಭಾವ ಅಂಗಿ ಮಡಿಸುತ್ತಿದ್ದರು. ಬಟ್ಟೆಗಾಗಿ ಇಬ್ಬರು ಕಾದು ನಿಂತಿದ್ದರು. ಅವರ ಎದುರಿಗೇ ನಾಜೂಕಯ್ಯ ಶುರುಮಾಡಿದ.

"ಕಿತ್ತು ಹಾಕಿದ್ಯಾ ಅದನ್ನ? ಹದಿನಾಲ್ಕು ದಿನ ಅಂತ ಎಷ್ಟು ಸಲ ಹೇಳಿದೀನಿ? ನಿನ್ನ ಹೆಸರು ಹೇಳಿಕೊಂಡು ನಾನು ಅಷ್ಟು ಜನರ ಮುಂದೆ ವಾದ ಮಾಡಿದ್ರೆ, ನೀನು ನನ್ನ ಮರ್ಯಾದೆ ತೆಗೀತೀಯಲ್ಲ ಅಕ್ಕ!"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. ಕಾದಿದ್ದವರು ಬೀದಿಯ ಕಡೆ ಮುಖ ತಿರುಗಿಸಿದರು. ಭಾವ ಇಂಥ ಹೊತ್ತಿನಲ್ಲಿ ಏನಾದರೊಂದು ತಮಾಷೆ ತೆಗೆಯುವವರು, ಈ ಸಲ ತೆಗೆಯಲಿಲ್ಲ.

"ತೋರಿಸೇ ಅವನಿಗೆ," ಎಂದರು.

"ಸುಮ್ನಿರಿ ನೀವು."

"ತೋರಿಸ್ತೀಯೋ, ನಾನೇ ಹೇಳ್ಲೋ?"

ಅಕ್ಕ ಗಂಟುಗಳ ಹಿಂದಿನ ಪರದೆಯ ಆಚೆ ಹೋದಳು. ಅವನೂ ಹಿಂದೆ ಹೋದ. ಅವಳು ಎಡಗಡೆಯ ಕತ್ತುಪಟ್ಟಿಯನ್ನು ನಾಲ್ಕು ಬೆರಳಿನಷ್ಟು ಸರಿಸಿದಳು. ಕೊರಳೆಲುಬಿನ ಕೆಳಗೆ, ಕಂಕುಳಿನ ಕಡೆಗೆ, ಚರ್ಮ ಕಿತ್ತು ಬಂದು ಕೆಂಪಗೆ ರಸಿಕೆ ಒಸರುತ್ತಿತ್ತು. ಅದರ ನಡುವೆ ಆಳವಾದ ಒಂದು ಗೀರು. ಕೆಳಗಿಳಿದು, ತುದಿಯಲ್ಲಿ ಚೂರು ಸುರುಳಿಕೊಂಡ ಗೀರು. ಅವನು ಬರೆದ ಎಂಟು ಚಿತ್ರಗಳಲ್ಲಿ ಯಾವುದರಲ್ಲೂ ಆ ಸುರುಳಿ ಅಷ್ಟು ಅಚ್ಚುಕಟ್ಟಾಗಿ ಮೂಡಿರಲಿಲ್ಲ.

ಅಕ್ಕ ಎಡಚಿ. ಇಸ್ತ್ರಿ ಹಿಡಿಯುವುದು ಎಡಗೈಯಲ್ಲಿ. ಸೆನ್ಸರ್ ಅಂಟಿಸುವುದೂ ಎಡಗಡೆಯೇ. ಕೈ ಮುಂದಕ್ಕೆ ಹೋದಾಗಲೆಲ್ಲ ಚರ್ಮ ಮಡಿಸಿಕೊಂಡು ಬಂದು ಆ ತುದಿಗೆ ಸಿಕ್ಕಿಕೊಳ್ಳುತ್ತಿತ್ತು. ದಿನಕ್ಕೆ ಸಾವಿರ ಸಲ. ಆ ಎಡಗೈಯ ಏಟು ತಿಂದು ಬೆಳೆದವನು ಅವನು. ಗೊತ್ತಿರಲಿಲ್ಲ ಎನ್ನುವ ಹಾಗೂ ಇರಲಿಲ್ಲ.

"ಎಂಟು ದಿನ ಹಾಗೇ ತಡ್ಕೊಂಡೆ ಕಣೋ," ಎಂದಳು ಅಕ್ಕ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ. "ಆಮೇಲೆ ಆಗ್ಲಿಲ್ಲ. ಹಳೇ ದಿಂಬಿನ ಬಟ್ಟೆ ಮೆತ್ತಗಿರುತ್ತಲ್ಲ, ಅದನ್ನ ಮಡಿಸಿ ತುದಿ ಕೆಳಗೆ ತೂರಿಸಿದೆ. ಕಿತ್ತಿಲ್ಲ, ದೇವರಾಣೆ. ಬಟ್ಟೆ ಇಟ್ರೆ ಅದು ಮೈಯಿಂದ ಎದ್ದು ಬರೆಯೋದನ್ನೇ ನಿಲ್ಲಿಸಿಬಿಡುತ್ತೆ ಅಂತ ನನಗೇನು ಗೊತ್ತು? ನಾನೇ ಹಾಳುಮಾಡಿದ್ದು. ಬೈಬೇಡ."

"ನರ್ಸಮ್ಮ ದಿನಾ ಕೇಳ್ತಿದ್ರಲ್ಲ ಅಕ್ಕ..."

"ಕೇಳ್ತಿದ್ರು. ಅವನ ಸ್ವಂತ ಅಕ್ಕನೇ ಉರಿ ಅಂದಳು ಅಂತ ಆಗಬಾರದಲ್ವಾ?"

ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಅವನಿಗೆ. ಮೇಷ್ಟರು ಕೆರೆದುಕೊಂಡಿರಬೇಕು ಎಂದು ನಗಿಸಿದ ತನ್ನದೇ ದನಿ ಕಿವಿಯಲ್ಲಿ ಕೇಳಿಸಿ ಮೈಯೆಲ್ಲ ಹಿಡಿಯಷ್ಟಾಯಿತು.

"ನಾಳೆ ಹೇಳಿಬಿಡ್ತೀನಿ," ಎಂದ ಕೊನೆಗೆ. "ಬಳ್ಳಿ ತೆಗೆಸಿಬಿಡ್ತೀನಿ."

"ಏ ಹುಚ್ಚ, ಹಾಗೆಲ್ಲ ಮಾಡಬೇಡ! ನಾಲ್ಕು ದಿನಕ್ಕೆ ಮಾಯುತ್ತೆ ಇದು. ನಿನ್ನ ಕೆಲಸ ಹೋದ್ರೆ?"

ಅವನು ತಲೆ ತಗ್ಗಿಸಿಕೊಂಡೇ ಹೊರಗೆ ಬಂದ. ಭಾವ ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು.

ಮರುದಿನ ಹತ್ತು ಗಂಟೆಗೆ ಯಜಮಾನರ ಕೋಣೆಯಲ್ಲಿ ವಕೀಲರು ಅರ್ಜಿ ಹರಡಿಕೊಂಡು ಕೂತಿದ್ದರು. ನರ್ಸಮ್ಮನನ್ನು ನಾಜೂಕಯ್ಯನೇ ಕರೆದುಕೊಂಡು ಹೋಗಿದ್ದ. ಹೇಳಬೇಕಾದ್ದನ್ನು ಹೇಳಿದ. ಬಳ್ಳಿ ಚುಚ್ಚುತ್ತದೆ, ಅಕ್ಕನಿಗೆ ಗಾಯವಾಗಿದೆ, ಅದಕ್ಕೇ ದಾಖಲೆ ಖಾಲಿ ಬಂದಿದೆ, ಮೇಷ್ಟರೂ ಆ ಇಬ್ಬರೂ ಹೇಳಿದ್ದು ನಿಜ, ತಪ್ಪು ತನ್ನದು.

ಯಜಮಾನರ ಮುಖ ಗಂಟಾಯಿತು. "ಸೆನ್ಸರಿನ ಅಚ್ಚು ಮಾಡೋಕೆ ಕೊಟ್ಟಾಗಿದೆ. ಈಗ ಬಂದು ಹೀಗೆ ಹೇಳಿದ್ರೆ ಹೇಗ್ರೀ? ನಿಮ್ಮ ಅಕ್ಕನ ಹಾಳೆ ಇಲ್ಲೇ ಇದೆ. ಹದಿನಾಲ್ಕು ದಿನವೂ ಇಲ್ಲ ಅಂತಾನೇ ಬರೆಸಿದ್ದಾರೆ. ಅದೇ ಹಾಳೆ ಹಿಡ್ಕೊಂಡು ತಾನೇ ನೀವು ಅವತ್ತು ನಮ್ಮ ಬಾಯಿ ಮುಚ್ಚಿಸಿದ್ದು?"

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ನಿಂತಿದ್ದವಳು ಅಕ್ಕ! ಒಳ್ಳೆಯ ಬಟ್ಟೆ ಹಾಕಿಕೊಂಡು, ಕೈಚೀಲ ಹೆಗಲಿಗೇರಿಸಿ, ಬಸ್ಸು ಹಿಡಿದು ಒಬ್ಬಳೇ ಬಂದಿದ್ದಳು. ಮೊದಲ ಸಲ ಆ ಆಫೀಸಿನ ಮೆಟ್ಟಿಲು ಹತ್ತಿದವಳು. ಯಜಮಾನರಿಗೆ ಕೈ ಮುಗಿದಳು.

"ಸ್ವಾಮಿ, ಇವನ ಮಾತು ಕೇಳಬೇಡಿ. ಇವನಿಗೆ ಚಿಕ್ಕಂದಿನಿಂದ ಹೀಗೇ, ಸಣ್ಣದಕ್ಕೆಲ್ಲ ಹೆದರ್ತಾನೆ. ನನಗೇನೂ ಆಗಿಲ್ಲ. ಉರಿ ಇಲ್ಲ, ಗಾಯ ಇಲ್ಲ. ನಾನೇ ಅದನ್ನ ನೆಟ್ಟಗೆ ಇಟ್ಕೊಳ್ಳಲಿಲ್ಲ ಅಷ್ಟೆ. ಅದು ತುಂಬ ಚೆನ್ನಾಗಿದೆ ಸ್ವಾಮಿ, ಎಲ್ಲರೂ ಹೊಗಳಿದ್ರು."

ಯಜಮಾನರ ಮುಖದ ಗಂಟು ಸಡಿಲವಾಯಿತು. ಕುರ್ಚಿಗೆ ಒರಗಿ ನಾಜೂಕಯ್ಯನ ಕಡೆ ನೋಡಿದರು. "ನೋಡಿ, ಹಾಕಿಕೊಂಡವರೇ ಹೇಳ್ತಿದ್ದಾರೆ. ಏನಂತೀರಿ?" ವಕೀಲರು ಪೆನ್ನಿನ ಮುಚ್ಚಳ ತೆಗೆದು ಅವನ ಮುಂದೆ ಇಟ್ಟರು.

ಏನನ್ನಬೇಕು? ಗಾಯ ಕಣ್ಣಾರೆ ಕಂಡವನು. ಅಲ್ಲ ಎನ್ನಲು ಅರೆ ಕ್ಷಣ ಸಾಕು. ಆದರೆ ನೋಡಿ, ಮನುಷ್ಯನ ಮನಸ್ಸು ಎಂಥ ಹಾಳುಬುದ್ಧಿಯದು! ಅಕ್ಕನೇ ಬಂದು ಹೇಳಿದಳಲ್ಲ ಎನ್ನಿಸಿತು ಅವನಿಗೆ. ಎರಡನೆಯ ಅಚ್ಚಿನಲ್ಲಿ ತುದಿಯನ್ನು ಗುಟ್ಟಾಗಿ ಸವೆಸಬಹುದು. ಅಕ್ಕನಿಗೆ ಬೇರೆ ಆಸ್ಪತ್ರೆಯಲ್ಲಿ ಬೇರೆ ಯಂತ್ರ ಹಾಕಿಸಬಹುದು. ಮೇಷ್ಟರನ್ನಂತೂ ಯಾರೂ ಮತ್ತೆ ಕೇಳುವುದಿಲ್ಲ. ಎಂಟು ಚಿತ್ರಗಳು ಮೇಜಿನ ಮೇಲೆ ಒಂದರ ಪಕ್ಕ ಒಂದು ಬಿದ್ದಿದ್ದವು, ಬಹಳ ಚೆಂದ ಬಂದಿದ್ದವು. ಅವನು ಅವನ್ನೇ ನೋಡುತ್ತ ನಿಂತ. ತಲೆ ಎತ್ತಿದಾಗ ಅಕ್ಕ ಅವನನ್ನು ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ನಮ್ಮ ಅಕ್ಕ ಸುಳ್ಳು ಹೇಳ್ತಿದ್ದಾಳೆ ಸರ್," ಎಂದ.

"ಏನೋ ನೀನು..." ಎಂದಳು ಅಕ್ಕ.

"ನನಗೋಸ್ಕರ ಹೇಳ್ತಿದ್ದಾಳೆ. ಹದಿನಾಲ್ಕು ದಿನವೂ ನನಗೋಸ್ಕರವೇ ಹೇಳಿದ್ದು. ನರ್ಸಮ್ಮ, ಒಳಗೆ ಕರ್ಕೊಂಡು ಹೋಗಿ ನೋಡಿ. ಅಕ್ಕ, ತೋರಿಸು ಅವರಿಗೆ. ದಯವಿಟ್ಟು."

ಅಷ್ಟು ಜನರೆದುರು ತಮ್ಮನ ಬಾಯಿಂದ ಸುಳ್ಳಿ ಎನ್ನಿಸಿಕೊಂಡು ಅಕ್ಕ ನರ್ಸಮ್ಮನ ಹಿಂದೆ ಪಕ್ಕದ ಕೋಣೆಗೆ ಹೋದಳು. ಐದು ನಿಮಿಷಕ್ಕೆ ನರ್ಸಮ್ಮ ಒಬ್ಬರೇ ಬಾಗಿಲಿಗೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು, ಮಾತು ಮಾತ್ರ ಖಡಕ್ಕಾಗಿತ್ತು.

"ಕೀವು ಕಟ್ಟೋ ಹಾಗಿದೆ ಸರ್. ಇವತ್ತೇ ಆಸ್ಪತ್ರೆಗೆ ಹೋಗಬೇಕು. ಮೇಷ್ಟ್ರದು ಹೇಗಿದೆಯೋ ಏನೋ, ನಾನಂತೂ ಈಗಲೇ ಫೋನ್ ಮಾಡ್ತೀನಿ. ಆ ಇಬ್ಬರು ಹೆಂಗಸರಿಗೂ."

"ಮೇಷ್ಟರಿಗೆ ನಾನು ಮಾಡ್ತೀನಿ," ಎಂದ ನಾಜೂಕಯ್ಯ. ಮಾಡಿದ ಕೂಡ, ಅಲ್ಲೇ ಹೊರಗಿನ ಓಣಿಯಲ್ಲಿ ನಿಂತು. ಮೇಷ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸೂಚನೆಗಳನ್ನು ಇನ್ನೊಮ್ಮೆ ಓದಿದೆನಪ್ಪ, ನನ್ನದೇ ತಪ್ಪೇನೋ ಅಂದುಕೊಂಡಿದ್ದೆ ಎಂದರು ಅಷ್ಟೆ. ಯಜಮಾನರು ಅಚ್ಚಿನವರಿಗೆ ಕೆಲಸ ನಿಲ್ಲಿಸಿ ಎಂದು ಹೇಳುತ್ತಿದ್ದದ್ದು ಬಾಗಿಲಿನ ಆಚೆಯಿಂದ ಕೇಳಿಸುತ್ತಿತ್ತು. ತನ್ನನ್ನು ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ, ಕೇಳಬೇಕು ಎಂದೂ ಅನ್ನಿಸಲಿಲ್ಲ.

ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟ. ಗಾಯಕ್ಕೆ ಮದ್ದು ಹಾಕಿಸಬೇಕಿತ್ತು, ಎದೆಗೆ ಹಳೆಯ ಕಾಲದ ತಂತಿಯ ಪೆಟ್ಟಿಗೆಯನ್ನೇ ಕಟ್ಟಿಸಿ ಹದಿನಾಲ್ಕು ದಿನವನ್ನು ಮೊದಲಿನಿಂದ ಎಣಿಸಬೇಕಿತ್ತು. ಬಸ್ಸಿಗಾಗಿ ಇಬ್ಬರೂ ಕಲ್ಲಿನ ಬೆಂಚಿನ ಮೇಲೆ ಕೂತರು. ಅಕ್ಕ ಕೈಚೀಲವನ್ನು ಇಬ್ಬರ ನಡುವೆ ಇಟ್ಟುಕೊಂಡಳು.

"ಸುಳ್ಳಿ ಅಂದಿದ್ದಕ್ಕೆ ಕೋಪಾನಾ?" ಎಂದು ಅವನೇ ಕೇಳಿದ.

"ಅದಕ್ಕಲ್ಲ ಕಣೋ." ಅಕ್ಕ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಹೇಳಿ ಮುಗಿಸಿದ ಮೇಲೆ ನೀನು ಸುಮ್ಮನೆ ನಿಂತೆಯಲ್ಲ, ಆಗ ಹೆದರಿಕೆ ಆಯ್ತು. ಸುಳ್ಳು ಹೇಳೋಕೆ ಅಂತಾನೇ ಬಂದವಳು ನಾನು. ಆದರೆ ಇವನು ಹೂಂ ಅಂದುಬಿಟ್ರೆ ಅಂತ... ನಿನ್ನ ಬಗ್ಗೆ ಹಾಗೆ ಅಂದುಕೊಂಡೆನಲ್ಲ ನಾನು, ಛೆ!"

ಹಾಗೇನಿಲ್ಲ ಅಕ್ಕ, ಮಾತು ಹೊರಡಲಿಲ್ಲ ಅಷ್ಟೆ ಎನ್ನಲು ಅವನು ಬಾಯಿ ತೆರೆದ. ಅಷ್ಟು ಹೇಳಿದ್ದರೆ ಅವಳು ನಂಬುತ್ತಿದ್ದಳು. ನಂಬಲು ಕಾದೇ ಕೂತಿದ್ದಳು.

"ಅಂದುಬಿಡ್ತಿದ್ದೆ ಅಕ್ಕ," ಎಂದ. "ನೀನು ನನ್ನನ್ನ ನೋಡದೆ ಇದ್ದಿದ್ರೆ, ಹೂಂ ಅಂದುಬಿಡ್ತಿದ್ದೆ."

ಅಕ್ಕ ಅವನ ಕಡೆ ತಿರುಗಲಿಲ್ಲ. ರಸ್ತೆಯಾಚೆ ಯಾವುದೋ ಅಂಗಡಿಯನ್ನು ನೋಡುತ್ತ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಬಸ್ಸು ಬಂದಾಗ ಅವನು ಕೈ ಚಾಚಿದ, ಆದರೆ ಅವಳು ಕಂಬಿ ಹಿಡಿದುಕೊಂಡು ಒಬ್ಬಳೇ ಹತ್ತಿದಳು.